ಅರವತ್ತನಾಲ್ಕು ಬಿಟ್‌ನ ಜಾತಕ

ಬದಿಯಡ್ಕದ ಭುಜಂಗ ಜೋಯಿಸರ ಜಾತಕದ ಅಂಗಡಿಗೆ ಹೊಸ ಕಂಪ್ಯೂಟರ್ ಬಂದ ದಿನ, ಮಗಳು ಶ್ರೀರಂಜಿನಿಗೆ ಅದಕ್ಕಿಂತ ಅದನ್ನು ಹೊತ್ತು ತಂದವನ ಮೇಲೆಯೇ ಕುತೂಹಲ ಹೆಚ್ಚು. ಕುಂಬಳೆಯ ಶರತ್ಚಂದ್ರ ಹಳೆಯದನ್ನು ರಿಪೇರಿ ಮಾಡಲು ಎಷ್ಟೋ ಸಲ ಬಂದಿದ್ದ. ಬಂದಾಗಲೆಲ್ಲ ಕೆಲಸ ಬೇಗ ಮುಗಿಯುತ್ತಿತ್ತು, ಚಹಾ ಮಾತ್ರ ಮುಗಿಯುತ್ತಿರಲಿಲ್ಲ.

ಅಪ್ಪ ಊಟಕ್ಕೆ ಹೋಗಿದ್ದರು. ಹಳೆಯ ಕಂಪ್ಯೂಟರಿನ ಪಕ್ಕದಲ್ಲೇ ಹೊಸದನ್ನು ಜೋಡಿಸಿ ಶರತ್ಚಂದ್ರ ತಲೆ ಕೆರೆದುಕೊಂಡ.

“ಒಂದು ಸಮಸ್ಯೆ ಉಂಟು. ನಿಮ್ಮ ಅಪ್ಪ ಡಾಸ್ ಕಾಲದಲ್ಲಿ ಬರೆಸಿದ ಪ್ರೋಗ್ರಾಂ ಈ ಅರವತ್ತನಾಲ್ಕು ಬಿಟ್ ವಿಂಡೋಸ್‌ನಲ್ಲಿ ಓಡುದಿಲ್ಲ. ಮೂವತ್ತೆರಡು ಬಿಟ್‌ನ ಹಳೆ ವಿಂಡೋಸ್ ಹಾಕಿದ್ರೆ ಓಡ್ತದೆ. ಆದ್ರೆ ಈ ಹೊಸ ಮೆಷಿನ್‌ನ ಮುಕ್ಕಾಲು ಮೆಮೊರಿ ಸುಮ್ಮನೆ ಕೂತಿರ್ತದೆ.”

“ಮತ್ತೆಂತ ಮಾಡುದು?”

“ಇದರಲ್ಲಿ ಹೊಸ ಜಾತಕದ ಪ್ರೋಗ್ರಾಂ ಹಾಕಿದ್ದೇನೆ. ಒಂದೇ ಜೋಡಿಯನ್ನು ಎರಡರಲ್ಲೂ ಕೊಟ್ಟು ನೋಡುವ. ಯಾವುದು ಹೊಂದ್ತದೆ ಅಂತ ಹೇಳ್ತದೋ ಅದನ್ನೇ ಇಡುವ.”

“ಅದೆಂತ ನ್ಯಾಯ ಮಾರಾಯ್ರೆ!”

ಜೋಡಿಯ ಹುಡುಗ ತಾನೇ ಎಂದು ಶರತ್ಚಂದ್ರ ಎರಡರಲ್ಲೂ ತನ್ನ ವಿವರ ತುಂಬಿದ. ಹುಡುಗಿಯ ಹೆಸರಿನ ಜಾಗದಲ್ಲಿ ‘ಟೆಸ್ಟ್’ ಎಂದು ಒತ್ತಿ, ಜನ್ಮದಿನವನ್ನು ಮಾತ್ರ ಪರದೆಗೆ ಅಡ್ಡ ಕೂತು ತುಂಬಿದ. ಶ್ರೀರಂಜಿನಿ ಇಣುಕಿದರೂ ಕಾಣಲಿಲ್ಲ. ಯಾರಪ್ಪಾ ಇವಳು? ಕೇಳಲು ನಾಚಿಕೆ, ಕೇಳದಿರಲು ಸಂಕಟ.

ಹಳೆಯದು ‘ಹೊಂದುತ್ತದೆ’ ಎಂದಿತು. ಹೊಸದು ‘ಹೊಂದುವುದಿಲ್ಲ’ ಎಂದಿತು. ಶರತ್ಚಂದ್ರನ ಮುಖ ಸಪ್ಪಗಾಯಿತು.

“ಮೂವತ್ತೆರಡು ಬಿಟ್‌ನದ್ದೇ ಇರಲಿ,” ಎಂದ.

“ಬಿಟ್ ಹೆಚ್ಚಾದ್ರೆ ನಕ್ಷತ್ರ ಬದಲಾಗ್ತದಾ? ನೀವು ಹುಟ್ಟಿದ್ದು ಯಾವಾಗ ಹೇಳಿ.”

“ಸೋಮವಾರ ರಾತ್ರಿ, ಬೆಳಗಾಗುವ ಮೊದಲು ನಾಲ್ಕು ಗಂಟೆಗೆ. ಅಮ್ಮ ಹಾಗೇ ಹೇಳುದು.”

“ಹಾಗಾದ್ರೆ ಹೊಸದರಲ್ಲಿ ಮಂಗಳವಾರದ ತಾರೀಕು ಹಾಕ್ಬೇಕು,” ಎಂದು ಅವಳು ನಕ್ಕಳು. ಅವನ ಅಮ್ಮನ ಲೆಕ್ಕದಲ್ಲೂ ಅಪ್ಪನ ಪ್ರೋಗ್ರಾಮಿನಲ್ಲೂ ಸೂರ್ಯ ಹುಟ್ಟುವವರೆಗೆ ಹಿಂದಿನ ದಿನವೇ. ಹೊಸದಕ್ಕೆ ನಡುರಾತ್ರಿಗೇ ದಿನ ಮುಗಿಯುತ್ತದೆ.

ತಿದ್ದಲೆಂದು ಕೀಬೋರ್ಡ್ ಎಳೆದುಕೊಂಡಾಗ ಹುಡುಗಿಯ ಜನ್ಮದಿನ ಕಣ್ಣಿಗೆ ಬಿತ್ತು. ಅದು ಅವಳದೇ.

“ಇದನ್ನು ನಿಮಗೆ ಯಾರು ಹೇಳಿದ್ದು?”

“ನಿಮ್ಮ ವೈಫೈ ಪಾಸ್‌ವರ್ಡ್ ನಿಮ್ಮ ಹೆಸರು, ಮತ್ತೆ ಈ ತಾರೀಕು ಅಲ್ವಾ?” ಅವನ ಕಿವಿಗಳು ಕೆಂಪಾಗಿದ್ದವು.

“ಹೊತ್ತು ಮಧ್ಯಾಹ್ನ ಅಂತ ಹಾಕಿದ್ದೀರಲ್ಲ?”

“ಅದು ಪಾಸ್‌ವರ್ಡ್‌ನಲ್ಲಿ ಇರ್ಲಿಲ್ಲ.”

ಅವಳಿಗೆ ನಗು ತಡೆಯಲಾಗಲಿಲ್ಲ. “ನಾನು ಹುಟ್ಟಿದ್ದು ದೀಪ ಹೊತ್ತಿಸುವ ಹೊತ್ತಿಗೆ,” ಎನ್ನುತ್ತಾ ಇಬ್ಬರದನ್ನೂ ತಿದ್ದಿದಳು. ಅವನು ಎಂಟರ್ ಒತ್ತಲು ಬೆರಳು ಚಾಚಿದ. ಅವಳು ಆ ಕೈಯನ್ನು ಹಿಡಿದುಕೊಂಡಳು. ಕೂಡಿಬಂದ ಸಂಬಂಧಗಳು ಇದೇ ಮೇಜಿನ ಮುಂದೆ ಮುರಿದದ್ದನ್ನು ಅವಳು ನೋಡಿದ್ದಳು. ಎದ್ದು ಹೋದ ಹುಡುಗಿಯರ ಮುಖಗಳೂ ನೆನಪಿದ್ದವು.

“ಹೊಂದದಿದ್ರೆ ಯಾವುದಕ್ಕೆ ಬೈತೀರಿ?”

“ಎರಡಕ್ಕೂ ಬೈತೇನೆ. ಬರುದನ್ನು ಮಾತ್ರ ನಿಲ್ಲಿಸ್ಲಿಕ್ಕಿಲ್ಲ. ನಂಗೆ ನೀವು ಬೇಕು, ಶ್ರೀರಂಜಿನಿ.”

ಅವಳು ಎರಡೂ ಹೆಸರುಗಳನ್ನು ಪರದೆಯಿಂದ ಅಳಿಸಿದಳು.

“ಅರವತ್ತನಾಲ್ಕು ಬಿಟ್‌ನದ್ದೇ ಇರಲಿ. ಅಂಗಡಿಗೆ ಬಂದವರಿಗೆ ಅದು ಹೇಳ್ಲಿ.”

“ನಮಗೆ ಹೇಳುವವರು ಯಾರು?”

“ನಾನು,” ಎಂದಳು ಅವಳು, ಹಿಡಿದ ಕೈ ಬಿಡದೆ. “ಹೊಂದ್ತದೆ.”