ನಕಲಲ್ಲ, ಹೋಲಿಕೆ

"ತಪ್ಪು ನಂದೇ ಸರ್. ಅವರ ಉತ್ತರ ನೋಡಿ ನಾನೇ ಕಾಪಿ ಮಾಡಿದ್ದು."

ಪ್ರೊಫೆಸರ್ ನಡೆಸುತ್ತಿದ್ದ ವಿಡಿಯೊ ವಿಚಾರಣೆಯಲ್ಲಿ ಈ ಮಾತು ಕೇಳಿ ಅವಳು ಬೆಚ್ಚಿಬಿದ್ದಳು. ಪರದೆಯ ಮೇಲಿನ ಆ ಮುಖವನ್ನು ನೋಡುತ್ತಿದ್ದುದು ಇದೇ ಮೊದಲು! ದನಿ ಮಾತ್ರ ಚಿರಪರಿಚಿತ. ಮೂರು ಸೆಮಿಸ್ಟರ್ ಕ್ಯಾಮೆರಾ ಹಾಕದೆ, ಡ್ಯೂಟಿ ಮುಗಿಸಿ ಜೊತೆಗೆ ಓದಿದ ದನಿ...

ಅವಳು ನೀರು ಶುದ್ಧೀಕರಣ ಘಟಕದಲ್ಲಿ ಲ್ಯಾಬ್ ಸಹಾಯಕಿ. ಅವನು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಹಲವು ದೇಶದವರು ಮನೆಯಲ್ಲೇ ಕೂತು ಓದುವ, ನೀರಿನ ವಿಜ್ಞಾನದ ಆನ್‌ಲೈನ್ ಪದವಿ ಅವರದು. ಅದು ಸಿಕ್ಕರೆ ಅವಳು 'ಸಹಾಯಕಿ' ಎಂಬ ಪದವನ್ನು ಕಿತ್ತೆಸೆಯಬಹುದಿತ್ತು. ನಕಲು ಸಾಬೀತಾದರೆ ಪದವಿಯೇ ಇಲ್ಲ.

ಒಂದೇ ತರಹ ಇವೆಯೆಂದು ಕಂಪ್ಯೂಟರ್ ಇಬ್ಬರ ಉತ್ತರಗಳನ್ನೂ ಹಿಡಿದುಹಾಕಿತ್ತು. ಕೆಲಸ ಮುಗಿದರೂ ಪೈಪಿನಲ್ಲೇ ಉಳಿದು ಕಾವಲು ಕಾಯುವ ಕ್ಲೋರಿನ್ನನ್ನು ಇಬ್ಬರೂ 'ಮನೆಅಳಿಯ' ಎಂದು ಬರೆದಿದ್ದರು! ಆ ತಮಾಷೆ ಯಾರ ಬಾಯಿಂದ ಮೊದಲು ಬಂತೋ ಇಬ್ಬರಿಗೂ ನೆನಪಿಲ್ಲ.

ಆದರೆ ಇವನೇಕೆ ತಪ್ಪೊಪ್ಪಿಕೊಂಡ?

ಹೋದ ವಾರ ಅವನು 'ಒಮ್ಮೆ ನೋಡಿ' ಎಂದು ತನ್ನ ಉತ್ತರದ ಕರಡು ಕಳಿಸಿದ್ದ. ಅವಳು ತೆರೆದೂ ನೋಡಿರಲಿಲ್ಲ. ಅಂದರೆ... ನಾನು ಕದ್ದೆ ಅಂದುಕೊಂಡು ನನ್ನನ್ನು ಉಳಿಸಲು ಹೊರಟಿದ್ದಾನೆ!

ಮೈಯೆಲ್ಲ ಉರಿದುಹೋಯಿತು.

"ಸುಳ್ಳು ಸರ್! ಅವರೂ ಕಾಪಿ ಮಾಡಿಲ್ಲ, ನಾನೂ ಮಾಡಿಲ್ಲ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಈಗಲೇ ಪ್ರಶ್ನೆ ಕೇಳಿ."

"ಏನೇ ಪುಟ್ಟಿ, ಪರೀಕ್ಷೆನಾ, ಜಗಳಾನಾ?" ಬಾಗಿಲಾಚೆಯಿಂದ ಅಮ್ಮನ ದನಿ.

"ಎರಡೂನಮ್ಮಾ!"

ಪ್ರೊಫೆಸರ್ ಅವನನ್ನು ಕರೆಯಿಂದ ಹೊರಗಿಟ್ಟು ಅವಳನ್ನು ಕೇಳಿದರು: "ಟ್ಯಾಂಕಿನಲ್ಲಿ ಕ್ಲೋರಿನ್ ಸರಿಯಾಗಿದೆ. ಕೊನೆಯ ಮನೆಯ ನಲ್ಲಿಯಲ್ಲಿ ಸೊನ್ನೆ. ಯಾಕೆ?"

"ಪೈಪು ಎಷ್ಟು ಹಳೇದು ಸರ್?"

ಪ್ರೊಫೆಸರ್ ಹುಬ್ಬೇರಿಸಿದರು. ತುಕ್ಕು ಹಿಡಿದ ಪೈಪು ಕ್ಲೋರಿನ್ನನ್ನು ನುಂಗುವ ಬಗೆಯನ್ನು ಅವಳು ತಡವರಿಸದೆ ವಿವರಿಸಿದಳು. ಆಮೇಲೆ ಅವನ ಸರದಿ. ಅವಳು ಉಗುರು ಕಚ್ಚುತ್ತಾ ಕಾದಳು.

ಕೊನೆಗೆ ಇಬ್ಬರನ್ನೂ ಒಟ್ಟಿಗೆ ಕರೆದಾಗ ಪ್ರೊಫೆಸರ್ ನಗುತ್ತಿದ್ದರು. "ಇವರೂ ಮೊದಲು ಕೇಳಿದ್ದು ಪೈಪಿನ ವಯಸ್ಸನ್ನೇ! ಇದು ಕದ್ದದ್ದಲ್ಲ, ಕೂಡಿ ಓದಿದ್ದು. ಈ ಪೇಪರಿನಲ್ಲಿ ಇಬ್ಬರೂ ಪಾಸು."

ಅವರು ಹೋದರು. ಎರಡು ಮುಖಗಳು ಉಳಿದವು.

"ನಿಮ್ಮ ಓದು ಹಾಳಾಗಬಾರದು ಅಂತ..."

"ನನ್ನನ್ನ ಕಳ್ಳಿ ಅಂದ್ಕೊಂಡ್ರಿ. ಒಂದು ಮಾತು ಕೇಳ್ಬಹುದಿತ್ತಲ್ಲ?"

ಅವನು ತಲೆ ತಗ್ಗಿಸಿದ. "ಕೇಳ್ಬೇಕಿತ್ತು. ತಪ್ಪಾಯ್ತು. ಈಗೊಂದು ನಿಜ ಹೇಳ್ಲಾ? ಬೈಬಾರ್ದು."

"ಹೇಳಿ."

"ಕೊನೇ ಪೇಪರ್ ಬೇಕಂತ್ಲೇ ಮುಂದಕ್ಕೆ ಹಾಕಿದೀನಿ. ಕೋರ್ಸ್ ಮುಗಿದ್ರೆ ನಿಮ್ಮ ಫೋನೂ ನಿಂತುಹೋಗುತ್ತೇನೋ ಅಂತ..."

ಅಬ್ಬಾ, ಎಂಥಾ ಪೆದ್ದು! ಅವಳ ಕೋಪವೆಲ್ಲ ಕರಗಿ ಕಣ್ಣು ತುಂಬಿತು.

"ಮೊದಲು ಆ ಪೇಪರ್ ಬರಿ. ಆಮೇಲೆ ಬಂದು ನಮ್ಮಮ್ಮನ ಹತ್ರ ಮಾತಾಡು."

"'ಮಾತಾಡು' ಅಂದ್ರಾ? ಇಷ್ಟು ದಿನ 'ಮಾತಾಡಿ' ಅಂತಿದ್ರಲ್ಲ..."

"ಹೂಂ," ಅವಳು ಕೆಂಪಾದಳು. "ನೀನೂ ಹಾಗೇ ಕರಿ."