ಓಬಕ್ಕನ ಉಡ ಮತ್ತು ಕಪ್ಪಾದ ಫಿಲ್ಮು

ನಾನು ಕಂಡ ಉಡದ ತಲೆ ಹರಿಹರದ ಹೊಳೆಯಲ್ಲಿ ನೀರು ಕುಡಿಯುತ್ತಿದ್ದರೆ, ಬಾಲ ದಾವಣಗೆರೆಯಲ್ಲಿ ನೊಣ ಹೊಡೆಯುತ್ತಿತ್ತು. ನಡುವೆ ಮೇಲ್ ಗಾಡಿ ಅರ್ಧ ಗಂಟೆ ನಿಂತು, ಅದು ಎದ್ದು ಹೋಗಲಿ ಎಂದು ಸೀಟಿ ಊದಿತು. ಹೋಟೆಲಿನಲ್ಲಿ ನೂರು ಜನಕ್ಕೆ ಹೇಳಿದ್ದೆ. ನೂರೂ ಜನ ನಂಬಿದರು.

ನಂಬದವಳು ನಮ್ಮ ದ್ರಾಕ್ಷಾಯಣಕ್ಕ ಒಬ್ಬಳೇ. ದಾವಣಗೆರೆಯ ನಿವೃತ್ತ ಶಾಲಾ ಮೇಡಂ. ಊರಿನ ಕಳವು, ಮೋಸಗಳನ್ನೆಲ್ಲ ಜಗಲಿಯ ಮೇಲೆ ಕೂತೇ ಬಿಡಿಸುವವಳು. ತಮ್ಮನಾದ ನಾನು, ಈ ಮಾಲತೇಶಪ್ಪ, ಅವಳ ಬಲಗೈ.

ಐವತ್ತೇಳನೇ ಇಸವಿಯ ರಂಜಾನ್ ತಿಂಗಳ ಒಂದು ಮಧ್ಯಾಹ್ನ ಫೋಟೋ ಸ್ಟುಡಿಯೋದ ಖಾಜಾ ಹುಸೇನ್ ಬಂದ. ಉಪವಾಸದಿಂದ ತುಟಿ ಒಣಗಿತ್ತು. ಅವನ ಹಿಂದೆ, ಹರಿಹರದಲ್ಲಿ ಊರವರ ಮೇಕೆ ಕಾಯುವ ಓಬಕ್ಕ. ಬಾಯಿ ತುಂಬ ಎಲೆ ಅಡಿಕೆ, ಕಣ್ಣು ತುಂಬ ನೀರು.

"ಅಮ್ಮಾರೆ, ಹೊಳೆದಂಡೆ ಬಂಡೆ ಹಿಂದೆ ಒಂಬತ್ತು ದಿನ ಬೋರಲು ಮಲಗಿ ಉಡದ ಎಂಟು ಫೋಟೋ ತೆಗ್ದಿದ್ದೆ," ಎಂದ ಖಾಜಾ. "ನಮ್ಮಣ್ಣ ಅಲ್ಲಾಬಕ್ಷ್ ತೊಳೆದು ನೋಡಿದ್ರೆ ಫಿಲ್ಮೆಲ್ಲ ಕಪ್ಪು! ಯಾರೋ ಬಿಸಿಲಾಗೆ ಬಿಚ್ಚ್ಯಾರೆ. ಕೊನೇ ದಿನ ನಾನು ನಮಾಜಿಗೆ ಹೋದಾಗ ಚೀಲ ಓಬಕ್ಕನ ಹತ್ರ ಇತ್ತು. ಅಣ್ಣ ಆಕಿನೇ ಅಂತಾನೆ."

"ಬಿಲ ತೋರಿಸ್ದಾಕಿ ನಾನು, ನಾನ್ಯಾಕ ಕೆಡಸ್ಲಿ?" ಎಂದಳು ಓಬಕ್ಕ. "ಕಾಯೋಕೆ ಕೊಟ್ಟಿದ್ದು ಕೆಡಿಸ್ತಾಳೆ ಅಂತ ಸುದ್ದಿ ಹಬ್ಬಿದ್ರೆ ನನ್ನ ಹಿಂದೆ ಮೇಕೆ ಯಾರು ಬಿಡ್ತಾರ್ರಿ?"

ನಾನು ಒಂದು ಚಿಟಿಕೆ ನಶ್ಯ ಏರಿಸಿದೆ. "ಒಂಬತ್ತೂ ದಿನ ನಾನು ಅಲ್ಲೇ ಕಾವಲಿದ್ದೆ. ಉಡವೇ ಬಾಲ ಬೀಸಿ ಬಿಚ್ಚಿರಬೇಕು."

"ಬಾಯಿ ಮುಚ್ಚೋ," ಎಂದಳು ಅಕ್ಕ. "ಖಾಜಾ, ಫಿಲ್ಮು ಮುಗಿದ ಮೇಲೆ ಸುರುಳಿಗೆ ಅಂಟುಪಟ್ಟಿ ಹಚ್ಚಿದ್ಯಾ?"

"ಅದನ್ನ ನೆಕ್ಕಿ ಹಚ್ಚಬೇಕ್ರಿ. ರೋಜಾ ಉಪವಾಸ ಇತ್ತಲ್ಲ, ನೆಕ್ಕಲಿಲ್ಲ. ದಾರ ಸುತ್ತಿದ್ದೆ."

ಸಂಜೆ ರೋಜಾ ಬಿಟ್ಟ ಮೇಲೆ ಎಲ್ಲರೂ ಸ್ಟುಡಿಯೋದಲ್ಲಿ ಸೇರಿದೆವು. ಫಿಲ್ಮಿಗೆ ಸುತ್ತಿದ್ದ ಕಾಗದವನ್ನು ಅಲ್ಲಾಬಕ್ಷ್ ಕಸದ ಬುಟ್ಟಿಯಿಂದ ತೆಗೆದುಕೊಟ್ಟ.

"ಸುರುಳಿಗೆ ದಾರ ಇತ್ತಾ?" ಎಂದು ಅಕ್ಕ ಅವನನ್ನು ಕೇಳಿದಳು.

"ಇಲ್ರಿ. ಪಟ್ಟಿ ಅಂಟಿಸಿತ್ತು, ನಾನೇ ಹರಿದೆ."

"ಹಂಗಾದ್ರೆ ದಾರ ಬಿಚ್ಚಿದೋರು ವಾಪಸ್ ಸುತ್ತಿ, ಪಟ್ಟಿ ನೆಕ್ಕಿ ಅಂಟಿಸ್ಯಾರೆ. ಖಾಜಾ ನೆಕ್ಕಿಲ್ಲ. ಓಬಕ್ಕ ನೆಕ್ಕಿದ್ರೆ ಪಟ್ಟಿ ಕೆಂಪಗಾಗ್ತಿತ್ತು. ಇದ್ರಾಗೆ ಕಂದು ಪುಡಿ ಐತೆ. ಮೂಸಿ ನೋಡು."

ಮೂಸಿದ ಅಲ್ಲಾಬಕ್ಷ್ ಮೂರು ಸಲ ಸೀನಿದ. ಎಲ್ಲರೂ ನನ್ನ ಮೂಗು ನೋಡಿದರು.

"ಫೋಟೋ ಬಂದಿದ್ರೆ ಮಾನ ಹೋಗ್ತಿದ್ದಿದ್ದು ಯಾರ್ದು?" ಎಂದಳು ಅಕ್ಕ. "ಹೋಟೆಲಿನಾಗೆ ಊರುದ್ದದ ಉಡ ಬಿಟ್ಟೋನ್ದು."

ಓಬಕ್ಕ ಮೇಕೆ ಅಟ್ಟಲು ಎದ್ದಾಗ ಚೀಲಕ್ಕೆ ಕೈ ಹಾಕಿದ್ದ ನಾನು ತಲೆ ತಗ್ಗಿಸಿದೆ. ಅಲ್ಲಾಬಕ್ಷ್ ಓಬಕ್ಕನಿಗೆ ಕೈ ಮುಗಿದು, "ತಪ್ಪಾತು ತಾಯಿ, ನಾಳೆ ನಿಮ್ಮೂರಿಗೆ ಬಂದು ನಾಕು ಜನರ ಮುಂದೆ ಹೇಳ್ತೀನಿ," ಎಂದ.

"ನೀವು ನನ್ನ ಅನ್ನ ಉಳಿಸಿದ್ರಿ," ಎಂದು ಓಬಕ್ಕ ಅಕ್ಕನ ಕಾಲು ಮುಟ್ಟಲು ಬಾಗಿದಳು, ಅಕ್ಕ ಹಿಡಿದೆತ್ತಿದಳು. ಆಮೇಲೆ ಓಬಕ್ಕ ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ಕಾದೆ.

"ಬೆಳಗ್ಗೆ ಖಾಜಾ ಜೊತಿಗೆ ಬರ್ರಿ ಮಾಲತೇಶಪ್ಪಾರೆ. ಉಡ ಬಂಡೆ ಮ್ಯಾಲೆ ಬಿಸಿಲು ಕಾಯೋಕೆ ಬರ್ತೈತೆ, ಮತ್ತೆ ತೋರಿಸ್ತೀನಿ. ಖರೇ ಹೇಳ್ರಿ, ನೀವು ನೋಡಿದ್ದು ಎಷ್ಟುದ್ದ ಇತ್ತು?"

ಅನ್ನ ಕಸಿಯಲು ಹೋದವನನ್ನು ಕರೆದು ಕೂರಿಸಿಕೊಳ್ಳುವ ಆ ತಾಯಿಯ ಮುಂದೆ ನನ್ನ ನಾಲಗೆಗೆ ಸುಳ್ಳು ಬರಲಿಲ್ಲ.

"ನಾನು ನೋಡೇ ಇಲ್ಲವ್ವಾ," ಎಂದೆ. "ದಿನಾ ಪೊದೆ ಸರಸರ ಅಂದ ಕೂಡ್ಲೆ ಜಾಲಿ ಮರ ಹತ್ತಿ ಕಣ್ಣು ಮುಚ್ಕೊಂತಿದ್ದೆ."