ಉಳ್ಳಾಗಡ್ಡಿ ಹೊಲದಾಗ ಹಿಟಾಚಿ

"ನನ್ನ ಮ್ಯಾಲ ಹಾಯಿಸ್ಕೊಂಡು ಹೋಗ್ರಿ!"

ಮಣ್ಣು ಅಗೆಯುವ ಹಿಟಾಚಿಯ ಬಕೆಟ್ಟಿಗೆ ಅಡ್ಡ ನಿಂತಿದ್ದಳು ವನಿತಾ. ಬೆನ್ನ ಹಿಂದೆ ಅವಳೊಬ್ಬಳೇ ಬೆಳೆಸಿದ ಉಳ್ಳಾಗಡ್ಡಿ ಹೊಲ; ಈರುಳ್ಳಿ ಕೀಳಲು ಇನ್ನೊಂದೇ ವಾರ ಬಾಕಿಯಿತ್ತು. ಮೇಲ್ಗಡೆ ತುಂಬಿ ತುಳುಕುವ ಸೊರಟೂರಿನ ಕೆರೆ.

ಹೆಚ್ಚಿನ ನೀರು ಹೊರಬೀಳುವ ಕೋಡಿ ಹೂಳು ತುಂಬಿ ಮುಚ್ಚಿಹೋಗಿತ್ತು. ತೆಗೆಯದಿದ್ದರೆ ಕೆರೆಯ ಏರಿ ಒಡೆದು ಕೆಳಗಿನ ಓಣಿಯೇ ನೀರುಪಾಲು. ತೆಗೆದರೆ ನೀರು ನುಗ್ಗುವುದು ವನಿತಾಳ ಹೊಲಕ್ಕೇ!

ಬೇರೆ ಯಾರಾದರೂ ಬಂದಿದ್ದರೆ ಸಹಿಸುತ್ತಿದ್ದಳೇನೋ. ಯಂತ್ರದೊಳಗೆ ಕೂತವನು ಮುಳಗುಂದದ ಮೌನೇಶ. ಹೋದ ವರ್ಷ ಕನ್ಯೆ ನೋಡಲು ಬಂದು, ಅವಳು ಕೊಟ್ಟ ಚಹಾ ಮುಟ್ಟದೆ ಎದ್ದುಹೋದ ಮಹಾಶಯ! ಚಹಾ ಒಲ್ಲೆನೆಂದವನಿಗೆ ಹುಡುಗಿ ಒಪ್ಪಿಗೆಯಾಗಿಲ್ಲ ಎಂದೇ ಮನೆಯವರೆಲ್ಲ ತಿಳಿದರು. ವನಿತಾಳಿಗೋ ಮೂಗಿನ ತುದಿಯಲ್ಲೇ ಸಿಟ್ಟು. "ನನಗೂ ಆ ಹುಡುಗ ಬ್ಯಾಡ" ಎಂದು ತಾನೇ ಮೊದಲು ಹೇಳಿಕಳಿಸಿದಳು. ಆಮೇಲೆ ಒಲೆಯ ಮುಂದೆ ಕೂತು ಅತ್ತಳು.

"ದನಾ ಮೇಯೋ ಗಾಯರಾಣ ಖಾಲಿ ಐತಲ್ಲ, ನೀರಿಗೆ ಅಲ್ಲಿ ದಾರಿ ಕಡೀರಿ! ಹಗಿ ತೀರಿಸ್ಕೊಳ್ಳಾಕ ನನ್ನ ಹೊಲಾನ ಬೇಕಾತೇನು?"

"ಹಗಿ ನಿಮಗಿರಬೇಕು. ಸರೀರಿ ಆಕಡಿ."

"ಸರಿಯಂಗಿಲ್ಲ!"

ಮೌನೇಶ ಧಡಕ್ಕನೆ ಇಳಿದು ಬಂದು ಬಕೆಟ್ ತೋರಿಸಿದ. ಅದರ ಎರಡು ಹಲ್ಲು ಮುರಿದಿದ್ದವು.

"ಮುಂಜಾನಿಂದ ಗಾಯರಾಣದಾಗ ಕಡಿಯಾಕತ್ತಿದ್ದೆ. ಕೆಳಗ ಬರೇ ಬಂಡಿಗಲ್ಲು... ನಿಮ್ಮ ಹೊಲ ಉಳೀಲಿ ಅಂತ ಬಡ್ಕೊಂಡೆ. ಇನ್ನ ಹೊತ್ತಿಲ್ರಿ!"

ವನಿತಾ ಅತ್ತ ನೋಡಿದಳು. ಬಂಡೆಯ ತುಂಬ ಬಿಳಿ ಗೀರುಗಳು. ಕೆಳಗಿನ ಓಣಿಯಲ್ಲಿ ಹೆಂಗಸರು ಕಾಳಿನ ಚೀಲಗಳನ್ನು ಮಾಳಿಗೆಗೆ ಏರಿಸುತ್ತಿದ್ದರು.

ತುಟಿ ಕಚ್ಚಿ ಪಕ್ಕಕ್ಕೆ ಸರಿದಳು.

ಕೋಡಿ ತೆರೆಯಿತು. ರಾಡಿ ನೀರು ನುಗ್ಗಿ ಬೆಳೆಯನ್ನೆಲ್ಲ ಹೊತ್ತೊಯ್ದಿತು. ವನಿತಾ ಬದುವಿನ ಮೇಲೆ ಕುಸಿದು ಅಳತೊಡಗಿದಳು.

"ಬೈರಿ ನನ್ನ..." ಮೌನೇಶ ದೂರದಲ್ಲೇ ನಿಂತ.

"ಬೈದೇನು ಮಾಡ್ಲಿ? ನಾ ಕೊಟ್ಟ ಚಹಾ ಸುದ್ದಾ ಮುಟ್ಟದಾಂವ ನೀವು!"

ಅವನು ತಬ್ಬಿಬ್ಬಾದ. "ಕೆಲಸದಾಗಿಂದ ಹಂಗ ಬಂದಿದ್ದೆರಿ... ಕೈತುಂಬ ಗ್ರೀಸು. ಚಹಾದ ಬಿಳೀ ಕಪ್ಪು ಹಿಡಿಯಾಕ ನಾಚಿಕಿ ಆತು. ಮರುದಿನ ನೀವ ಬ್ಯಾಡ ಅಂದ್ರಿ!"

'ಅಯ್ಯೋ ಶಿವನೇ... ಇಷ್ಟಕ್ಕೇ ವರ್ಷವಿಡೀ ಉರಿದೆನೇ!'

"ಹೇಳಾಕ ಬಾಯಿ ಇರಲಿಲ್ಲೇನು ನಿಮಗ?"

"ನಿಮ್ಮನ್ನ ನೋಡಿದ ಮ್ಯಾಲ ಬಾಯಿ ಎಲ್ಲಿತ್ರಿ..." ಅವನು ತಲೆ ತಗ್ಗಿಸಿದ. "ನಾ ಇನ್ನೂ ಲಗ್ನ ಆಗಿಲ್ಲ. ಈಗ ಕೇಳಿದ್ರ ಹೂಂ ಅಂತೀರೇನು?"

"ಮೊದಲ ನನ್ನ ಹೊಲ ಇದ್ದಂಗ ಮಾಡಿಕೊಡ್ರಿ."

"ಅದು ಜಲ್ದಿ ಆಗೂ ಕೆಲಸಲ್ರಿ. ವರ್ಷಗಟ್ಲೆ ಹಿಡೀತೈತಿ..."

ವನಿತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಿಡೀಲಿ ಬಿಡ್ರಿ... ನಾ ಏನ ಹೋಗ್ರಿ ಅಂದ್ನೇನು?"